ಇಪ್ಪತ್ನಾಲ್ಕು ವಾರದ ಗೆರೆ ಎಳೆದಿದ್ದು ಯಾರು, ಯಾವ ಲೆಕ್ಕದಲ್ಲಿ?

ಗಾಂಧಿಬಜಾರ್ ಗಿರಾಕಿ
ಮುಂದಿನ ಭಾನುವಾರ ಬಸವನಗುಡಿಯ ಓದುಗರ ಕೂಟದಲ್ಲಿ ಗರ್ಭಪಾತದ ಸರಿ ತಪ್ಪು ಚರ್ಚೆಗಿದೆ. ಕರಪತ್ರ ಮಾಡಬೇಕು, ಅದಕ್ಕೇ ಕೇಳ್ತಿದೀನಿ. ಹೊಟ್ಟೆಯಲ್ಲಿರೋ ಪಿಂಡ ಯಾವಾಗಿಂದ ‘ವ್ಯಕ್ತಿ’ ಅಂತ ನಮ್ಮ ಕಾನೂನು ಎಲ್ಲಾದ್ರೂ ಹೇಳಿದೆಯಾ? 1971ರ ಗರ್ಭಪಾತದ ಕಾಯ್ದೆಯಲ್ಲಿ ಮಿತಿ 20 ವಾರ ಇತ್ತು, 2021ರಲ್ಲಿ 24 ಆಯ್ತು. ಐವತ್ತು ವರ್ಷದಲ್ಲಿ ಪಿಂಡ ಬೆಳೆಯೋ ರೀತಿಯೇನೂ ಬದಲಾಗಿಲ್ಲ. ಹಾಗಾದ್ರೆ ಗೆರೆ ಯಾಕೆ ಸರಿಯಿತು? ಜಗಳ ಆಡಿ, ಆದ್ರೆ ಲೆಕ್ಕ ಇಟ್ಟು ಆಡಿ.

ಕರಿಕೋಟು
ಹೇಳಿಲ್ಲ ಸಾರ್. ಗರ್ಭಪಾತದ ಕಾಯ್ದೆ ಆ ಪ್ರಶ್ನೆ ಹತ್ತಿರಕ್ಕೇ ಹೋಗಲ್ಲ.

ಅದರ 3ನೇ ಕಲಂ ಶುರುವಾಗೋದೇ ದಂಡ ಸಂಹಿತೆಯಲ್ಲಿ ಏನೇ ಇದ್ದರೂ ನೋಂದಾಯಿತ ವೈದ್ಯರು ತಪ್ಪಿತಸ್ಥರಲ್ಲ ಅನ್ನೋ ಧಾಟಿಯಲ್ಲಿ. ಅಂದ್ರೆ ಇದು ಹೆಂಗಸಿಗೆ ಕೊಟ್ಟ ಹಕ್ಕಲ್ಲ, ವೈದ್ಯರಿಗೆ ಕೊಟ್ಟ ಕೊಡೆ. ಕೊಡೆ ಮಡಚಿದರೆ ಕೆಳಗಿರೋದು ಹಳೇ ಐಪಿಸಿ 312, ಈಗ ಭಾರತೀಯ ನ್ಯಾಯ ಸಂಹಿತೆಯ 88. ಗರ್ಭಪಾತ ಮಾಡಿಸಿದರೆ 3 ವರ್ಷದವರೆಗೆ ಜೈಲು, ಕೂಸು ಮಿಸುಕಾಡೋ ಹಂತ ದಾಟಿದ್ದರೆ 7 ವರ್ಷದವರೆಗೆ. ತಾನೇ ಮಾಡಿಕೊಂಡ ಹೆಂಗಸೂ ಆ ಕಲಮಿನ ಒಳಗೇ ಬರ್ತಾಳೆ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಗೆರೆಗಳನ್ನ ನೋಡಿ. 1971ರಲ್ಲಿ 12 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, 12ರಿಂದ 20ಕ್ಕೆ ಇಬ್ಬರದು. 2021ರ ತಿದ್ದುಪಡಿ ಆದ್ಮೇಲೆ 20ರವರೆಗೆ ಒಬ್ಬರು, 20ರಿಂದ 24ಕ್ಕೆ ಇಬ್ಬರು. 24 ದಾಟಿದ್ಮೇಲೆ ಪಿಂಡದಲ್ಲಿ ಗಂಭೀರ ನ್ಯೂನತೆ ಇದೆ ಅಂತ ವೈದ್ಯಕೀಯ ಮಂಡಳಿ ಹೇಳಬೇಕು. ಹೆಂಗಸಿನ ಜೀವ ಉಳಿಸೋಕೆ ತಕ್ಷಣ ಮಾಡಲೇಬೇಕು ಅನ್ನೋ ಪರಿಸ್ಥಿತಿಯಲ್ಲಿ, 5ನೇ ಕಲಮಿನ ಪ್ರಕಾರ, ವಾರದ ಮಿತಿಯೇ ಇಲ್ಲ. ಇಷ್ಟರಲ್ಲಿ ವ್ಯಕ್ತಿ ಎಲ್ಲಿದಾನೆ? ವಾರ ಏರಿದ ಹಾಗೆ ಸಹಿ ಏರುತ್ತೆ, ಅಷ್ಟೇ.

500ಡಿ ಕಿಟಕಿ ಸೀಟು
ಸರ್ಕಾರಿ ಕಚೇರಿ ಫೈಲಿನ ಥರ.

ಹನುಮಂತನಗರದ ಹಠಮಾರಿ
ಕಾನೂನು ಹೇಳದಿದ್ರೆ ಸತ್ಯ ಇಲ್ಲ ಅಂತಲಾ? ಫಲಿತವಾದ ಕ್ಷಣದಲ್ಲೇ ತಾಯಿಯದೂ ಅಲ್ಲದ, ತಂದೆಯದೂ ಅಲ್ಲದ ಬೇರೆ ಜೀನು ಸಿದ್ಧ. ಅಲ್ಲಿಂದ ಮುಂದೆ ಹೆರಿಗೆವರೆಗೆ ಒಂದೇ ನಡಿಗೆ. ನಡುವೆ ಎಲ್ಲಿ ಕಡ್ಡಿ ಇಟ್ಟರೂ ಅದು ನಮ್ಮ ಅನುಕೂಲಕ್ಕೆ ಇಟ್ಟ ಕಡ್ಡಿ. 23 ವಾರ 6 ದಿನಕ್ಕೆ ಪಿಂಡ, 24 ವಾರ 1 ದಿನಕ್ಕೆ ಕೂಸು, ಇದು ಪಂಚಾಂಗದಲ್ಲಿ ರಾಹುಕಾಲ ನೋಡಿದ ಹಾಗಾಯ್ತು.

ಸ್ಕ್ಯಾನ್ ರೂಮು
ಮೊದಲು ವಾರ ಎಣಿಸೋದು ಹೇಗೆ ಅಂತ ಒಪ್ಪಂದ ಆಗಲಿ, ಇಲ್ಲಾಂದ್ರೆ ಇಡೀ ಚರ್ಚೆ ಎರಡು ವಾರ ಆಚೀಚೆ ಓಡುತ್ತೆ.

ವೈದ್ಯರ ವಾರ ಕೊನೇ ಮುಟ್ಟಿನ ಮೊದಲ ದಿನದಿಂದ. ಫಲಿತ ಆಗೋದು ಸುಮಾರು 14 ದಿನ ಆದ್ಮೇಲೆ. ಹಾಗಾಗಿ ‘ಆರು ವಾರಕ್ಕೆ ಎದೆ ಬಡಿತ’ ಅಂದ್ರೆ ಪಿಂಡದ ನಿಜವಾದ ವಯಸ್ಸು ನಾಲ್ಕು ವಾರ, ಮುಟ್ಟು ತಪ್ಪಿ ಬರೀ ಎರಡು ವಾರ. ಕಾಯ್ದೆಗಳಲ್ಲೂ ಎರಡೂ ಲೆಕ್ಕ ಇವೆ. ಲಿಂಗ ಪತ್ತೆ ನಿಷೇಧ ಕಾಯ್ದೆ ಪ್ರಕಾರ ಫಲಿತವಾದ ದಿನದಿಂದ 56 ದಿನದವರೆಗೆ ‘ಎಂಬ್ರಿಯೊ’, 57ನೇ ದಿನದಿಂದ ‘ಫೀಟಸ್’. ಅದು ವೈದ್ಯರ ಲೆಕ್ಕದಲ್ಲಿ 10 ವಾರ.

ಇನ್ನು ಹಠಮಾರಿಯವರ 23 ವಾರ 6 ದಿನ. ಅಷ್ಟು ಕರಾರುವಾಕ್ಕು ಯಾರಿಗೂ ಗೊತ್ತಿರಲ್ಲ ಸ್ವಾಮಿ. 9 ವಾರದೊಳಗೆ ತಲೆಯಿಂದ ಕುಂಡಿವರೆಗಿನ ಉದ್ದ ಅಳೆದರೆ ತಪ್ಪೋದು ಹೆಚ್ಚು ಅಂದ್ರೆ 5 ದಿನ, 14 ವಾರದೊಳಗೆ 7 ದಿನ. 22 ವಾರ ದಾಟಿ ಮೊದಲ ಸಲ ಸ್ಕ್ಯಾನ್ ಮಾಡಿದರೆ 14 ದಿನದವರೆಗೂ ಆಚೀಚೆ. ಅದಕ್ಕೇ ಮೊದಲ ಸ್ಕ್ಯಾನಿನ ತಾರೀಖನ್ನ ಆಮೇಲೆ ಬದಲಾಯಿಸಬಾರದು. ಎಡವಟ್ಟಾಗೋದು ಇಲ್ಲೇ: 12ನೇ ವಾರದ ವರದಿ ಮನೇಲಿ ಬಿಟ್ಟು ಬಂದಿರ್ತಾರೆ, ಹೊಸ ಕಡೆ ಕೂಸಿನ ಈಗಿನ ಗಾತ್ರ ನೋಡಿ ವಾರ ಬರೀತಾರೆ. ಕೂಸು ಸ್ವಲ್ಪ ದೊಡ್ಡದಿದ್ದರೆ ಕಾಗದದಲ್ಲಿ 24 ದಾಟಿಬಿಡುತ್ತೆ.

ಪದಕೋಶ
ಗಿರಾಕಿಯವರೇ, ಕರಪತ್ರದಲ್ಲಿ ‘ವ್ಯಕ್ತಿತ್ವ’ ಅಂತ ಮಾತ್ರ ಹಾಕಬೇಡಿ. ‘ಅವರದು ಭಾರೀ ವ್ಯಕ್ತಿತ್ವ’ ಅನ್ನೋ ಅರ್ಥ ಬಂದು ವ್ಯಕ್ತಿತ್ವ ವಿಕಸನ ಶಿಬಿರ ಅಂದ್ಕೊಂಡು ಜನ ಬರ್ತಾರೆ. ‘ವ್ಯಕ್ತಿತನ’ ಅನ್ನಿ, ಅಥವಾ ‘ವ್ಯಕ್ತಿಯ ಸ್ಥಾನ’ ಅನ್ನಿ.

ನಮ್ಮ ಮಾತೇ ಎಷ್ಟು ಜಾಣ ನೋಡಿ. ಬೇಕಾದ ಬಸಿರಾದ್ರೆ ಎರಡನೇ ತಿಂಗಳಿಗೇ ‘ಮಗು’. ಬೇಡದ್ದಾದ್ರೆ ಐದನೇ ತಿಂಗಳಲ್ಲೂ ‘ತೆಗೆಸೋದು’, ಏನನ್ನ ಅಂತ ಕರ್ಮಪದವೇ ಇಲ್ಲ. ತಾನಾಗೇ ಹೋದ್ರೆ ‘ನಿಲ್ಲಲಿಲ್ಲ’. ಒಂದೇ ಪಿಂಡಕ್ಕೆ ಮೂರು ವ್ಯಾಕರಣ.

ಹನುಮಂತನಗರದ ಹಠಮಾರಿ
ಅದೇ ನನ್ನ ವಾದ ಕೂಡ! ಬೇಕು ಅಂದ್ರೆ ಮಗು, ಬೇಡ ಅಂದ್ರೆ ವಸ್ತು. ಬೇರೆಯವರ ಆಸೆ ಮೇಲೆ ನಿಂತಿರೋ ಸ್ಥಾನ ಒಂದು ಸ್ಥಾನವಾ?

ಶನಿವಾರದ ಸೊಪ್ಪು
‘ಒಂದೇ ನಡಿಗೆ’ ಅನ್ನೋದಕ್ಕೆ ತೊಡಕು ಇದೆ. ಫಲಿತವಾಗಿ ಸುಮಾರು 14 ದಿನದವರೆಗೆ ಒಂದು ಪಿಂಡ ಎರಡಾಗಿ ಅವಳಿ ಆಗಬಹುದು. ಎರಡಾಗೋ ಮುಂಚೆ ಅಲ್ಲಿದ್ದದ್ದು ಎಷ್ಟು ಜನ? 14ನೇ ದಿನದ ಹೊತ್ತಿಗೆ ಮೂಡೋ ಗೆರೆ ಬೆನ್ನಿನ ಅಕ್ಷದ ಮೊದಲ ಗುರುತು. 1984ರಲ್ಲಿ ಬ್ರಿಟನ್ನಿನ ವಾರ್ನಾಕ್ ಸಮಿತಿ ಪ್ರಯೋಗಾಲಯದ ಪಿಂಡಗಳಿಗೆ 14 ದಿನದ ಮಿತಿ ಹಾಕಿದಾಗ ಮುಖ್ಯವಾಗಿ ನೋಡಿದ್ದು ಅದನ್ನೇ.

ಇನ್ನೊಂದು, ಐವಿಎಫ್ ಅಂದ್ರೆ ಪ್ರನಾಳ ಶಿಶು ಕೇಂದ್ರಗಳ ಫ್ರೀಜರ್. 2021ರ ಎಆರ್‌ಟಿ (ಸಂತಾನಕ್ಕೆ ನೆರವಾಗೋ ತಂತ್ರಜ್ಞಾನ) ಕಾಯ್ದೆ ಪ್ರಕಾರ ಭ್ರೂಣವನ್ನ ಹತ್ತು ವರ್ಷಕ್ಕಿಂತ ಹೆಚ್ಚು ಇಡೋ ಹಾಗಿಲ್ಲ. ಅವಧಿ ಮುಗಿದ್ಮೇಲೆ ನಾಶವಾಗಲು ಬಿಡಬೇಕು, ಇಲ್ಲಾ ದಂಪತಿ ಒಪ್ಪಿದರೆ ಸಂಶೋಧನೆಗೆ ಕೊಡಬೇಕು. ಫಲಿತವಾದ ಕ್ಷಣದಿಂದ ವ್ಯಕ್ತಿ ಅನ್ನೋದಾದ್ರೆ ಬೆಂಗಳೂರಿನ ಐವಿಎಫ್ ಸೆಂಟರುಗಳ ಮುಂದೆ ಯಾಕೆ ಯಾರೂ ಧರಣಿ ಕೂರಲ್ಲ?

ಹನುಮಂತನಗರದ ಹಠಮಾರಿ
ಜನ ಧರಣಿ ಕೂರಲ್ಲ ಅನ್ನೋದು ಜನರ ಸೋಮಾರಿತನ, ವಾದದ ದೋಷ ಅಲ್ಲ. ಅವಳಿ ವಿಚಾರ ಒಪ್ತೀನಿ, 14 ದಿನಕ್ಕೆ ಇಳೀತೀನಿ ಬೇಕಾದ್ರೆ. ಮುಟ್ಟು ತಪ್ಪಿದ್ದು ಗೊತ್ತಾಗೋ ಹೊತ್ತಿಗೆ ಅದೂ ಮುಗಿದಿರುತ್ತಲ್ಲ.

ಅರಳಿಕಟ್ಟೆ ಅಣಕು
ಹಠಮಾರಿ ಇಳಿದ ದಿನ ಇದು. ತಾರೀಖು ಬರೆದಿಟ್ಕೊಳ್ಳಿ.

ಸ್ಮೃತಿ ವಿಸ್ಮೃತಿ
‘ನಮ್ಮ ಸಂಪ್ರದಾಯದಲ್ಲಿ ಮೊದಲ ದಿನದಿಂದಲೇ ಜೀವ’ ಅಂತ ಯಾರಾದ್ರೂ ಬರೋ ಮುಂಚೆ ಹೇಳಿಬಿಡ್ತೀನಿ, ಸಂಪ್ರದಾಯ ಒಂದು ದನಿಯಲ್ಲಿ ಮಾತಾಡಿಲ್ಲ. ಶುಕ್ರ (ವೀರ್ಯ), ಶೋಣಿತ (ರಕ್ತ), ಜೀವ ಮೂರೂ ಕೂಡಿದಾಗ ಗರ್ಭ ಅಂತ ಚರಕ. ಗರ್ಭೋಪನಿಷತ್ತಿನಲ್ಲಿ ಜೀವ ಸೇರೋದು ಏಳನೇ ತಿಂಗಳಲ್ಲಿ. ಸುಶ್ರುತನ ಲೆಕ್ಕದಲ್ಲಿ ನಾಲ್ಕನೇ ತಿಂಗಳಿಗೆ ಹೃದಯ ವ್ಯಕ್ತವಾಗಿ ಬಸುರಿ ಎರಡು ಹೃದಯದವಳಾಗ್ತಾಳೆ, ಬಯಕೆ ಹುಟ್ಟೋದು ಅದರಿಂದ.

ಇದಕ್ಕಿಂತ ರುಚಿಯಾದದ್ದು ಸೂತಕದ ಲೆಕ್ಕ. ಗರ್ಭಸ್ರಾವ ಆದ್ರೆ ಎಷ್ಟು ತಿಂಗಳೋ ಅಷ್ಟು ರಾತ್ರಿ ಅಶೌಚ ಅಂತ ಮನು. ನಾಲ್ಕು ತಿಂಗಳವರೆಗೆ ಹೋದ್ರೆ ‘ಸ್ರಾವ’, ಐದು ಆರರಲ್ಲಿ ‘ಪಾತ’, ಆಮೇಲಿನದ್ದು ‘ಪ್ರಸೂತಿ’ ಅಂತ ಪರಾಶರ. ಇದು ಒಂದು ಗೆರೆಯಲ್ಲ, ಮೆಟ್ಟಿಲು. ಭ್ರೂಣಹತ್ಯೆ ಮಹಾಪಾಪ ಅಂತ ಬರೆದ ಧರ್ಮಶಾಸ್ತ್ರದವರೇ ದುಃಖವನ್ನ ತಿಂಗಳ ಲೆಕ್ಕದಲ್ಲಿ ಅಳೆದಿದಾರೆ. ನಾವು ದಿನಬಳಕೆಯಲ್ಲಿ ‘ಗರ್ಭಪಾತ’ ಅನ್ನೋ ಒಂದೇ ಪದಕ್ಕೆ ಎಲ್ಲಾ ತುರುಕಿ ಮೆಟ್ಟಿಲನ್ನ ಕಳ್ಕೊಂಡ್ವಿ.

500ಡಿ ಕಿಟಕಿ ಸೀಟು
ಇಸ್ಲಾಮಿನ ಬಹಳಷ್ಟು ಪಂಡಿತರ ಪ್ರಕಾರ ರೂಹ್ (ಆತ್ಮ) ಊದೋದು 120 ದಿನಕ್ಕೆ. ಸ್ಕ್ಯಾನ್ ರೂಮಿನವರ ಲೆಕ್ಕಕ್ಕೆ ತಂದರೆ ಹೆಚ್ಚುಕಡಿಮೆ 19 ವಾರ. ಚೊಚ್ಚಲ ಬಸುರಿಗೆ ಕೂಸು ಮಿಸುಕಾಡೋದು ಗೊತ್ತಾಗೋದೂ 18ರಿಂದ 20 ವಾರಕ್ಕೇ. ಹಳೇ ಕಾಲದ ಗೆರೆಗಳಲ್ಲಿ ಹಲವು ತಾಯಿಯ ಹೊಟ್ಟೆ ಒಳಗಿನ ಆ ಒದೆತದ ಸುತ್ತಮುತ್ತಲೇ ಇವೆ.

ತುಂಬಿದ ತಿಂಗಳು
ನನ್ನ ಪ್ರಶ್ನೆ ಬೇರೆ. ಪಿಂಡ ವ್ಯಕ್ತಿಯೇ ಅಂತ ಒಪ್ಪಿಬಿಡೋಣ. ಆಗಲೂ ಒಬ್ಬ ವ್ಯಕ್ತಿಗೆ ಇನ್ನೊಬ್ಬಳ ಮೈಯನ್ನ ಅವಳ ಒಪ್ಪಿಗೆ ಇಲ್ಲದೆ ಒಂಬತ್ತು ತಿಂಗಳು ಬಳಸೋ ಹಕ್ಕು ಇದೆಯಾ? 1971ರಲ್ಲೇ ಅಮೆರಿಕದ ತತ್ವಶಾಸ್ತ್ರಜ್ಞೆ ಜೂಡಿತ್ ಜಾರ್ವಿಸ್ ಥಾಮ್ಸನ್ ವಾದ ಹೂಡಿದ್ದು ಇಲ್ಲಿಂದ. ನಮ್ಮಲ್ಲೇ ಉದಾಹರಣೆ ಬೇಕಾದ್ರೆ, ಮಗನಿಗೆ ಕಿಡ್ನಿ ಕೊಡು ಅಂತ ತಾಯಿಗೆ ಯಾವ ಕೋರ್ಟೂ ಆದೇಶ ಮಾಡೋ ಹಾಗಿಲ್ಲ, ಮಗ ಸಾಯ್ತಾ ಇದ್ದರೂ. ಹುಟ್ಟಿದ ಮಗನಿಗಿಲ್ಲದ ಹಕ್ಕು ಹುಟ್ಟದ ಮಗನಿಗೆ ಎಲ್ಲಿಂದ ಬಂತು?

ಹನುಮಂತನಗರದ ಹಠಮಾರಿ
ಕಿಡ್ನಿ ಕೊಡದೆ ಇರೋದು ಸುಮ್ಮನಿರೋದು. ಗರ್ಭಪಾತ ಒಂದು ಕೆಲಸ, ಕೈಯಾರೆ ಮಾಡೋದು. ಎರಡೂ ಒಂದೇ ಅಲ್ಲ. 1989ರಲ್ಲಿ ಡಾನ್ ಮಾರ್ಕ್ವಿಸ್ ಅನ್ನೋ ತತ್ವಶಾಸ್ತ್ರಜ್ಞ ಹೇಳಿದ್ದನ್ನ ನೋಡಿ: ಕೊಲ್ಲೋದು ಯಾಕೆ ತಪ್ಪು ಅಂದ್ರೆ ಎದುರಿನವರ ಇಡೀ ಭವಿಷ್ಯ ಕಿತ್ತುಕೊಳ್ಳೋದರಿಂದ. ಪಿಂಡಕ್ಕೂ ನಮ್ಮಂಥದೇ ಭವಿಷ್ಯ ಇದೆ. ‘ವ್ಯಕ್ತಿ’ ಅನ್ನೋ ಪದವೇ ಬೇಕಿಲ್ಲ ಈ ವಾದಕ್ಕೆ.

ತುಂಬಿದ ತಿಂಗಳು
ಇದು ಗಟ್ಟಿ ವಾದ, ಒಪ್ತೀನಿ. ಆದರೆ ಆ ಭವಿಷ್ಯ ಇನ್ನೊಬ್ಬಳ ರಕ್ತದ ಮೇಲೆ ನಿಂತಿದೆ ಅನ್ನೋದನ್ನ ಅದೂ ಮುಟ್ಟಲ್ಲ.

ಶನಿವಾರದ ಸೊಪ್ಪು
ಸಾವನ್ನ ಮಿದುಳಿನಿಂದ ಅಳೀತೀವಿ, ಹುಟ್ಟನ್ನ ಯಾಕೆ ಅಳೀಬಾರದು? 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ನಾಲ್ವರು ವೈದ್ಯರು ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಮಿದುಳುಕಾಂಡ ಸತ್ತಿದೆ ಅಂದ್ರೆ ಎದೆ ಬಡೀತಾ ಇದ್ದರೂ ಸಾವು. ನೋವು ತಲುಪಬೇಕಾದ್ರೆ ಮಿದುಳಿನ ನಡುವಿನ ಸಂಕೇತ ಕೇಂದ್ರ ಥಲಾಮಸ್‌ನಿಂದ ಮಿದುಳಿನ ಹೊರಪದರಕ್ಕೆ ತಂತು ಕೂಡಬೇಕು, ಅದು ಸುಮಾರು 24 ವಾರಕ್ಕೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2010ರಲ್ಲಿ 24 ವಾರಕ್ಕೆ ಮುಂಚೆ ನೋವಿಲ್ಲ ಅಂದಿತ್ತು, 2022ರ ವರದಿಯಲ್ಲಿ 28ಕ್ಕೆ ಮುಂಚೆ ಸಂಭವ ಕಡಿಮೆ ಅಂದಿದೆ.

ಸ್ಕ್ಯಾನ್ ರೂಮು
ಮಿದುಳು ಸತ್ತವನದು ‘ಇನ್ನು ಇಲ್ಲ’. ಪಿಂಡದ್ದು ‘ಇನ್ನೂ ಇಲ್ಲ’. ಒಂದು ದೀರ್ಘದಲ್ಲಿ ಹಠಮಾರಿಯವರ ಇಡೀ ವಾದ ಇದೆ, ಅದನ್ನ ನುಂಗಬೇಡಿ.

ಮೈಸೂರ್ ಬ್ಯಾಂಕ್ ಸರ್ಕಲ್
ಪಿಂಡ ವ್ಯಕ್ತಿ ಅಲ್ಲ ಅಂತೀರಲ್ಲ, ಹಾಗಾದ್ರೆ ಹೆಣ್ಣು ಭ್ರೂಣ ಹತ್ಯೆ ಯಾಕೆ ಅಪರಾಧ? 2023ರ ಕೊನೆಯಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲ ನೆನಪಿದೆಯಾ, ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗ ಪತ್ತೆ ಮಾಡ್ತಿದ್ರು. ಅದು ತಪ್ಪು, ಇದು ಸರಿ. ಹೇಗೆ?

ಕರಿಕೋಟು
ಒಳ್ಳೇ ಪ್ರಶ್ನೆ, ಆದರೆ ಪದದಲ್ಲೇ ಜಾರಿದ್ರಿ. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯ ಪೀಠಿಕೆಯಲ್ಲಿ ‘ಹೆಣ್ಣು ಭ್ರೂಣ ಹತ್ಯೆ’ ಅನ್ನೋ ಮಾತು ಬಂದರೂ ಶಿಕ್ಷೆಯ ಕಲಮುಗಳಲ್ಲಿ ‘ಹತ್ಯೆ’ ಇಲ್ಲ. ಅದು ಶಿಕ್ಷಿಸೋದು ಲಿಂಗ ಪತ್ತೆ ಮಾಡಿದ್ದನ್ನ, ಹೇಳಿದ್ದನ್ನ, ಜಾಹೀರಾತು ಕೊಟ್ಟದ್ದನ್ನ, ಸ್ಕ್ಯಾನಿನ ದಾಖಲೆ ಪತ್ರವಾದ ಫಾರಂ ಎಫ್ ನೆಟ್ಟಗೆ ತುಂಬದ್ದನ್ನ. ಮೊದಲ ತಪ್ಪಿಗೆ 3 ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ. ಪತ್ತೆ ಆದ್ಮೇಲೆ ಯಾರೂ ಗರ್ಭ ಇಳಿಸದೇ ಇದ್ದರೂ ಅಪರಾಧ ಪೂರ್ತಿ ಆಗಿಹೋಗಿರುತ್ತೆ. ಅಂದ್ರೆ ಕಾಯ್ದೆ ನೋಡ್ತಿರೋ ಅನ್ಯಾಯ ಆ ಒಂದು ಪಿಂಡಕ್ಕೆ ಆಗಿದ್ದಲ್ಲ, ಹೆಣ್ಣು ಅನ್ನೋ ಜಾತಿಗೇ ಆಗಿದ್ದು. ಗೋಡೆ ಮೇಲೆ ‘ಹೆಣ್ಣು ಭ್ರೂಣ ಹತ್ಯೆ ನಿಲ್ಲಿಸಿ’ ಅಂತ ಬರೆಸಿದವರು ಒಳ್ಳೇ ಉದ್ದೇಶಕ್ಕೇ ಬರೆಸಿದರು. ಆದರೆ ಆ ಒಂದು ಪದದಿಂದ 8 ವಾರದ ಗರ್ಭಪಾತಕ್ಕೆ ಬಂದ ಹುಡುಗಿಯೂ ತಾನು ಏನೋ ಕಾನೂನುಬಾಹಿರ ಮಾಡ್ತಿದೀನಿ ಅಂದ್ಕೊಳ್ತಾಳೆ, ಮೆಡಿಕಲ್ ಶಾಪಿನವನೂ ಮಾತ್ರೆ ಇಡೋಕೆ ಹೆದರ್ತಾನೆ.

ಮೈಸೂರ್ ಬ್ಯಾಂಕ್ ಸರ್ಕಲ್
ಹೆಣ್ಣು ಅಂತ ತೆಗೆಸೋದು ತಾರತಮ್ಯ. ಡೌನ್ ಸಿಂಡ್ರೋಮ್ ಅಂತ ತೆಗೆಸೋದು? ಅದಕ್ಕೆ ಮಂಡಳಿಯೇ ಕೂತು ಸಹಿ ಹಾಕುತ್ತಲ್ಲ.

ತುಂಬಿದ ತಿಂಗಳು
ಇದಕ್ಕೆ ಸುಲಭದ ಉತ್ತರ ಇಲ್ಲ, ಇದೆ ಅನ್ನೋವರನ್ನ ನಂಬಬೇಡಿ. ಅಂಗವಿಕಲರ ಹಕ್ಕಿನ ಪರ ಇರೋವರು ಈ ಕಾಯ್ದೆಯ ‘ನ್ಯೂನತೆ’ ಕಲಮನ್ನ ಪ್ರಶ್ನಿಸೋದು ಇದಕ್ಕೇ: ಆರೋಗ್ಯವಂತ ಪಿಂಡಕ್ಕೆ 24 ವಾರ ಆದ್ಮೇಲೆ ರಕ್ಷಣೆ, ನ್ಯೂನತೆ ಇದ್ದರೆ ಮಿತಿಯೇ ಇಲ್ಲ. ಇದರಲ್ಲಿ ಹೇಳದೆ ಹೇಳಿದ ಮಾತು ಯಾವುದು?

ಸ್ಕ್ಯಾನ್ ರೂಮು
ತತ್ವ ಒಂದು ಕಡೆ. 24ನೇ ವಾರದ ನೂಕುನುಗ್ಗಲು ಯಾಕಾಗುತ್ತೆ ಅಂತ ಹೇಳ್ತೀನಿ, ಗೆರೆ ಸರಿದಿದ್ದೂ ಅರ್ಧ ಇದಕ್ಕೇ.

ಕತ್ತಿನ ಹಿಂದಿನ ದಪ್ಪ ನೋಡೋ ಎನ್‌ಟಿ ಸ್ಕ್ಯಾನ್ 11ರಿಂದ 13 ವಾರ 6 ದಿನದೊಳಗೆ. ಅದು ತಪ್ಪಿದರೆ ಮುಂದಿನದು ಅಂಗಾಂಗ ನೋಡೋ ಅನಾಮಲಿ ಸ್ಕ್ಯಾನ್, 18ರಿಂದ 20 ವಾರಕ್ಕೆ. ಹೃದಯದಲ್ಲಿ ಅನುಮಾನ ಬಂದ್ರೆ ಫೀಟಲ್ ಎಕೊ, ಅಂದ್ರೆ ಪಿಂಡದ ಹೃದಯದ ಸ್ಕ್ಯಾನ್. ಕ್ರೋಮೊಸೋಮಿನ ಅನುಮಾನ ಬಂದ್ರೆ ಗರ್ಭದ ನೀರು ತೆಗೆದು ಪರೀಕ್ಷೆ, ಪೂರ್ತಿ ಕಲ್ಚರ್ ವರದಿಗೆ ಎರಡರಿಂದ ಮೂರು ವಾರ. 20+3. ಲೆಕ್ಕ ನೀವೇ ಹಾಕಿ. ಹಳೇ 20 ವಾರದ ಮಿತಿಯಲ್ಲಿ ದೋಷ ಗೊತ್ತಾದ ದಿನವೇ ಬಾಗಿಲು ಮುಚ್ಚಿರ್ತಿತ್ತು, ಜನ ಹೈಕೋರ್ಟಿಗೆ ಓಡ್ತಿದ್ರು. ಈಗಲೂ ‘ಐದನೇ ತಿಂಗಳ ಸ್ಕ್ಯಾನ್’ ಅಂತ 22, 23ಕ್ಕೆ ಬರೋವರು ಅದೇ ಬಲೆಗೆ ಬೀಳ್ತಾರೆ.

24 ದಾಟಿದ್ರೆ ಮಂಡಳಿ. ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ರೇಡಿಯಾಲಜಿಸ್ಟ್ ಅಥವಾ ಸೊನಾಲಜಿಸ್ಟ್ (ಸ್ಕ್ಯಾನ್ ತಜ್ಞರು) ಇರಲೇಬೇಕು. ಅರ್ಜಿ ಬಂದ 3 ದಿನದೊಳಗೆ ಅಭಿಪ್ರಾಯ, ಒಪ್ಪಿದರೆ ಅರ್ಜಿ ಬಂದ 5 ದಿನದೊಳಗೆ ಕೆಲಸ ಮುಗೀಬೇಕು ಅಂತ ನಿಯಮ.

ಗಾಂಧಿಬಜಾರ್ ಗಿರಾಕಿ
20ರಿಂದ 24ರೊಳಗೆ ಯಾರು ಬೇಕಾದ್ರೂ ಹೋಗಬಹುದಾ? ಗಂಡನ ಸಹಿ ಬೇಕಾ?

ಕರಿಕೋಟು
ಯಾರು ಬೇಕಾದ್ರೂ ಅಲ್ಲ. ನಿಯಮ 3ಬಿಯಲ್ಲಿ ಹೇಳಿರೋವರು ಮಾತ್ರ: ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಬಸಿರಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನವಾದವರು, ತೀವ್ರ ಅಂಗವೈಕಲ್ಯ ಇರೋವರು, ಮಾನಸಿಕ ಕಾಯಿಲೆ ಇರೋವರು, ಪಿಂಡದಲ್ಲಿ ದೋಷ ಇರೋವರು, ವಿಪತ್ತಿನ ಸಂದರ್ಭದಲ್ಲಿ ಸಿಕ್ಕಿಕೊಂಡವರು. 29 ಸೆಪ್ಟೆಂಬರ್ 2022ರ ಸುಪ್ರೀಂ ಕೋರ್ಟ್ ತೀರ್ಪು ಮದುವೆಯಾಗದವರನ್ನೂ ಒಳಗೆ ತಂತು, ಗಂಡನ ಬಲಾತ್ಕಾರದಿಂದ ನಿಂತ ಬಸಿರನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರ ಅಂತ ಓದಿತು. ಪೀಠದಲ್ಲಿ ನಮ್ಮ ಕೊಡಗಿನ ಬೋಪಣ್ಣನವರೂ ಇದ್ರು.

ಗಂಡನ ಸಹಿ: ಬೇಡ, ಬೇಡ, ಬೇಡ. ಫಾರಂ ಸಿಯಲ್ಲಿ ಹೆಂಗಸಿನ ಒಪ್ಪಿಗೆ ಒಂದೇ. 18ರ ಕೆಳಗಿದ್ರೆ ಅಥವಾ ಮಾನಸಿಕ ಕಾಯಿಲೆ ಇದ್ರೆ ಮಾತ್ರ ಪೋಷಕರದು. ಕೌಂಟರಿನಲ್ಲಿ ‘ಯಜಮಾನರನ್ನ ಕರ್ಕೊಂಡ್ಬನ್ನಿ’ ಅಂದ್ರೆ ಅದು ಕಾನೂನಲ್ಲ, ರೂಢಿ. ಹೆಸರು ಹೊರಗೆ ಬಿಟ್ಟರೆ 5ಎ ಕಲಮಿನಡಿ ಒಂದು ವರ್ಷದವರೆಗೆ ಜೈಲಿದೆ.

ಅರಳಿಕಟ್ಟೆ ಅಣಕು
ಗ್ಯಾಸ್ ಕನೆಕ್ಷನ್ ಬದಲಾಯಿಸೋಕೂ ಯಜಮಾನರು ಬೇಕು ಅನ್ನೋ ಊರು ಇದು ಸಾರ್.

ಹನುಮಂತನಗರದ ಹಠಮಾರಿ
2023ರ ತೀರ್ಪನ್ನ ಯಾಕೆ ನುಂಗಿದ್ರಿ ಕರಿಕೋಟು? ಎರಡು ಮಕ್ಕಳ ತಾಯಿ, ಬಾಣಂತಿ ಖಿನ್ನತೆ, 26 ವಾರ. ಅದನ್ನ ಸುಪ್ರೀಂ ಕೋರ್ಟೇ ನಿರಾಕರಿಸಿತಲ್ಲ.

ಕರಿಕೋಟು
ನುಂಗಿಲ್ಲ, ಬರ್ತಿದ್ದೆ. ಇಬ್ಬರು ಮಹಿಳಾ ನ್ಯಾಯಮೂರ್ತಿಗಳ ಪೀಠ ಮೊದಲು ಒಪ್ಪಿತು. ಆಮೇಲೆ ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಏಮ್ಸ್‌ನ ವೈದ್ಯರೊಬ್ಬರು ಮೇಲ್ ಬರೆದರು: ಪಿಂಡ ಬದುಕುಳಿಯೋ ಹಾಗಿದೆ, ಎದೆ ಬಡಿತ ಮೊದಲೇ ನಿಲ್ಲಿಸಬೇಕಾ ಅಂತ. ಅಲ್ಲಿಗೆ ಪೀಠ ಒಡೆಯಿತು. 11 ಅಕ್ಟೋಬರ್‌ನಲ್ಲಿ ನ್ಯಾ. ಹಿಮಾ ಕೊಹ್ಲಿ ಹಿಂದೆ ಸರಿದರು, ನಮ್ಮ ರಾಜ್ಯದ ನ್ಯಾ. ಬಿ.ವಿ. ನಾಗರತ್ನ ಸರಿಯಲಿಲ್ಲ; ತಾಯಿಯನ್ನೇ ನೆಚ್ಚಿರೋ ಪಿಂಡಕ್ಕೆ ಅವಳಿಂದ ಬೇರೆಯಾದ ಅಸ್ತಿತ್ವ ಕೊಡೋಕಾಗಲ್ಲ ಅನ್ನೋದು ಅವರ ನಿಲುವು. 16ಕ್ಕೆ ಮೂವರ ಪೀಠ ಬೇಡ ಅಂತು, ಆಗ 26 ವಾರ 5 ದಿನ. ಕಾರಣ ಕೊಟ್ಟಿದ್ದು ‘ಪಿಂಡ ವ್ಯಕ್ತಿ’ ಅಂತ ಅಲ್ಲ. 24 ದಾಟಿದೆ, ತಾಯಿ ಜೀವಕ್ಕೆ ತಕ್ಷಣದ ಅಪಾಯ ಇಲ್ಲ, ಪಿಂಡದಲ್ಲಿ ನ್ಯೂನತೆ ಇಲ್ಲ, ಹಾಗಾಗಿ ಕಾಯ್ದೆಯಲ್ಲಿ ಬಾಗಿಲಿಲ್ಲ ಅಂತ.

ಸ್ಕ್ಯಾನ್ ರೂಮು
ಆ ಮೇಲ್‌ನಲ್ಲೇ ಇಡೀ ಪ್ರಶ್ನೆ ಇದೆ. ತಡವಾದ ಗರ್ಭಪಾತ ಅಂದ್ರೆ ಔಷಧಿ ಕೊಟ್ಟು ನೋವು ಬರಿಸೋದು, ಹೆರಿಗೆಯಂತೆಯೇ. ಮುಂಚೆ ಹೊಟ್ಟೆ ಮೇಲಿಂದ ಸೂಜಿ ಹಾಕಿ ಪಿಂಡದ ಎದೆಗೆ ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟರೆ ಎದೆ ನಿಂತಿರುತ್ತೆ. ಕೊಡದಿದ್ರೆ ಉಸಿರಾಡೋ ಕೂಸು ಹೊರಗೆ ಬರಬಹುದು. ಒಂದು ಸಲ ಉಸಿರಾಡಿದ್ರೆ ಎಷ್ಟೇ ವಾರ ಆಗಿರಲಿ, ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಅದು ಸಜೀವ ಜನನ. ಹುಟ್ಟಿನದೂ ಸಾವಿನದೂ ಎರಡೂ ಬರೆಸಬೇಕು. 2019ರಲ್ಲಿ ಬಾಂಬೆ ಹೈಕೋರ್ಟ್, ಅಂಥ ಕೂಸು ಬದುಕಿದರೆ ವೈದ್ಯರು ಎಲ್ಲಾ ಚಿಕಿತ್ಸೆ ಕೊಡಬೇಕು, ಹೆತ್ತವರು ಬೇಡ ಅಂದ್ರೆ ಸರ್ಕಾರ ನೋಡ್ಕೋಬೇಕು ಅಂತು.

ಕರಿಕೋಟು
ಅದಕ್ಕೆ ನ್ಯಾಯ ಸಂಹಿತೆಯ 100ನೇ ಕಲಮಿನ 3ನೇ ವಿವರಣೆ ಸೇರಿಸಿ. ಗರ್ಭದಲ್ಲಿರೋ ಮಗುವಿನ ಸಾವು ನರಹತ್ಯೆ ಅಲ್ಲ. ಆದರೆ ಜೀವಂತ ಮಗುವಿನ ಮೈಯ ಯಾವುದಾದರೂ ಒಂದು ಭಾಗ ಹೊರಗೆ ಬಂದಿದ್ದರೂ ಸಾಕು, ಉಸಿರಾಡದಿದ್ದರೂ ನರಹತ್ಯೆ ಆಗಬಹುದು. ಆಸ್ತಿಗೆ ಬಂದ್ರೆ ಇನ್ನೊಂದು ಗೆರೆ: ಹಿಂದೂ ಉತ್ತರಾಧಿಕಾರ ಕಾಯ್ದೆ 20ನೇ ಕಲಂ, ಅಪ್ಪ ಸತ್ತಾಗ ಹೊಟ್ಟೆಯಲ್ಲಿದ್ದ ಕೂಸಿಗೂ ಪಾಲಿದೆ, ಜೀವಂತ ಹುಟ್ಟಿದರೆ. ದೇವಸ್ಥಾನದ ವಿಗ್ರಹ ಕೂಡ ಕಾನೂನಿನಲ್ಲಿ ವ್ಯಕ್ತಿಯೇ, ಜಮೀನು ಅದರ ಹೆಸರಲ್ಲಿರುತ್ತೆ. ‘ವ್ಯಕ್ತಿ’ ಅನ್ನೋದು ಕಾನೂನಿಗೆ ಒಂದು ಸಲಕರಣೆ ಸಾರ್, ಕೆಲಸಕ್ಕೆ ತಕ್ಕ ಹಾಗೆ ತೆಗೀತಾರೆ, ಒಳಗಿಡ್ತಾರೆ.

ಸ್ಮೃತಿ ವಿಸ್ಮೃತಿ
ಹೋದ ಪಿಂಡವನ್ನ ಏನು ಮಾಡ್ತಾರೆ ಅನ್ನೋದನ್ನ ಯಾರೂ ಹೇಳಲಿಲ್ಲ.

ಸ್ಕ್ಯಾನ್ ರೂಮು
2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಹಳದಿ ಚೀಲ. ಕತ್ತರಿಸಿದ ಅಂಗ, ಅಂಗಾಂಶ, ಅದರ ಜೊತೆಗೇ ‘ಗರ್ಭಪಾತ ಕಾಯ್ದೆ ಪ್ರಕಾರ ಬದುಕುಳಿಯೋ ಅವಧಿಗಿಂತ ಕೆಳಗಿನ ಪಿಂಡ’. ತಮಾಷೆ ಏನಂದ್ರೆ ಆ ಕಾಯ್ದೆ ಬದುಕುಳಿಯೋ ಅವಧಿ ಅಂದ್ರೆ ಇಷ್ಟು ವಾರ ಅಂತ ವ್ಯಾಖ್ಯಾನಿಸಿಯೇ ಇಲ್ಲ. ಆ ಕಡೆ ಸತ್ತು ಹುಟ್ಟಿದ್ದು ಅಂತ ನೋಂದಣಿ ಆಗೋದು 28 ವಾರದಿಂದ. 24ರಿಂದ 28ರ ನಡುವಿನ ನಾಲ್ಕು ವಾರದ್ದು ಚೀಲಕ್ಕೂ ಸರಿಯಾಗಿ ಸೇರಲ್ಲ, ರಿಜಿಸ್ಟರಿಗೂ ಸೇರಲ್ಲ. ಮಣ್ಣು ಮಾಡ್ತೀವಿ ಕೊಡಿ ಅಂತ ಮನೆಯವರು ಕೇಳಿದಾಗ ಡ್ಯೂಟಿಯಲ್ಲಿರೋ ನರ್ಸು ಯಾವ ಕಾಗದ ನೋಡಬೇಕು?

ಹನುಮಂತನಗರದ ಹಠಮಾರಿ
ಮಣ್ಣು ಮಾಡ್ತೀವಿ ಅಂತ ಕೇಳ್ತಾರಲ್ಲ. ಯಾರಿಗೆ?

ತುಂಬಿದ ತಿಂಗಳು
ಕೇಳದವರೂ ಇದಾರೆ. ಇಬ್ಬರಲ್ಲಿ ಯಾರ ಮೇಲೂ ಇನ್ನೊಬ್ಬರ ಉತ್ತರ ಹೇರಬೇಡಿ ಅನ್ನೋದಷ್ಟೇ ನಂದು.

ಹನುಮಂತನಗರದ ಹಠಮಾರಿ
ಹೇರದೆ ಇರೋದೂ ಒಂದು ಉತ್ತರವೇ ಮೇಡಂ. ಪಿಂಡದ ಕಡೆಯಿಂದ ನೋಡಿದ್ರೆ.

ಗಾಂಧಿಬಜಾರ್ ಗಿರಾಕಿ
ಕರಪತ್ರ ಒಂದು ಹಾಳೆಗೆ ಸೇರಲ್ಲ ಇನ್ನು. ‘ವ್ಯಕ್ತಿ ಯಾವಾಗ’ ಅನ್ನೋ ಶೀರ್ಷಿಕೆ ತೆಗೆದು ‘ಯಾವ ಕೆಲಸಕ್ಕೆ ಯಾವ ಗೆರೆ’ ಅಂತ ಹಾಕ್ತಿದೀನಿ: 14 ದಿನ, 56 ದಿನ, 20, 24, 28, ಮೊದಲ ಉಸಿರು. ಹಠಮಾರಿಯವರ ಕೊನೇ ಸಾಲು ಕೆಳಗೆ ದಪ್ಪಕ್ಷರದಲ್ಲಿ ಇರುತ್ತೆ.

ಪದಕೋಶ
‘ದಪ್ಪಕ್ಷರ’ ಸರಿಯಾಗಿದೆ, ‘ದಪ್ಪಾಕ್ಷರ’ ಅಂತ ತಿದ್ದಬೇಡಿ.

ಸ್ಕ್ಯಾನ್ ರೂಮು
ಪ್ರತಿ ಅಂಕಿ ಪಕ್ಕದಲ್ಲಿ ‘ಮುಟ್ಟಿನಿಂದ’ ಅಥವಾ ‘ಫಲಿತವಾದಾಗಿನಿಂದ’ ಅಂತ ಬರೀರಿ. 14, 56 ಫಲಿತವಾದಾಗಿನಿಂದ, ಉಳಿದ ವಾರಗಳೆಲ್ಲ ಮುಟ್ಟಿನಿಂದ. ಬರೀದಿದ್ರೆ ಭಾನುವಾರ ಮೊದಲ ಅರ್ಧ ಗಂಟೆ ಅದಕ್ಕೇ ಹೋಗುತ್ತೆ.